ಮೂರು ಕೂದಲೆಳೆಯಷ್ಟು ಕಬ್ಬಿಣ

ಕುವೈತಿನಿಂದ ಬಂದ ಮೇಲೆ ಹಾಸನದಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಏನೇನ್ ನೋಡಿದ್ರಿ ಮೇಸ್ತ್ರಿ?" ನಾನು ನೋಡಿದ್ದು ಏಳು ಕಾರು. ಎಂಬತ್ತರ ದಶಕ ಮುಗಿಯುತ್ತಾ ಬಂದ ಒಂದು ಚಳಿಗಾಲದಲ್ಲಿ ಎರಡು ತಿಂಗಳ ವೀಸಾ ಹಾಕಿಸಿಕೊಂಡು, ಸಮುದ್ರ ದಾಟಿ ಹೋಗಿ, ಏಳು ಹಳೆಯ ಅಮೆರಿಕದ ಕಾರು ನೋಡಿ, ಅದರಲ್ಲಿ ಒಂದಕ್ಕೆ ಕೈ ಹಾಕಿ ಬಂದೆ. ಅಲ್ಲಿನ ಗೋಪುರ, ಕಡಲು, ಚಿನ್ನದ ಅಂಗಡಿಗಳ ವಿಷಯ ನನಗಿಂತ ಚೆನ್ನಾಗಿ ಬಲ್ಲವರು ಬರೆದಿದ್ದಾರೆ. ಆ ಒಂದು ಕಾರಿನ ವಿಷಯ ಮಾತ್ರ ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ. ಬರೆಯುತ್ತಾ ಹೋದರೆ ತಿಳಿದೀತು ಎಂಬ ಆಸೆಯಿಂದ ಕೂತಿದ್ದೇನೆ.

ನಾನು ಸ್ಕೂಲಿಗೆ ಹೋಗಿದ್ದು ಆರನೇ ಕ್ಲಾಸಿನವರೆಗೆ. ಆಮೇಲೆ ಓದಿದ್ದೆಲ್ಲ ಎಂಜಿನ್ನು. ಹೆದ್ದಾರಿಯ ಪಕ್ಕದಲ್ಲಿ ನನ್ನ ಶೆಡ್ಡು. ಘಾಟಿ ಹತ್ತಿ ಬಂದು ಉಸಿರು ಕಟ್ಟಿದ ಲಾರಿಗಳ ಎಂಜಿನ್ ಬಿಚ್ಚಿ ಕಟ್ಟುವುದು ಕಸುಬು. ಕಟ್ಟಿ ಮುಗಿದ ಎಂಜಿನ್ನಿನ ಮೇಲೆ ಪಿ.ಎಸ್. ಎಂದು ಎರಡಕ್ಷರ ಪಂಚ್ ಹೊಡೆದು ಕಳಿಸುತ್ತೇನೆ. ಪುಟ್ಟಸ್ವಾಮಿ. ನಮ್ಮ ಕಡೆ ಮೇಸ್ತ್ರಿಗಳೆಲ್ಲ ಹಾಗೆಯೇ: ಹಿಂದಿನವನ ಗುರುತು ಉಜ್ಜಿ ತೆಗೆದು ತಮ್ಮದು ಹೊಡೆಯುತ್ತಾರೆ. ಎಂಜಿನ್ ಕೆಟ್ಟರೆ ಯಾರ ಮನೆ ಮುಂದೆ ನಿಂತು ಬೈಯಬೇಕು ಎಂದು ಗಿರಾಕಿಗೆ ಗೊತ್ತಿರಬೇಕಲ್ಲ. ನನ್ನ ಮನೆ ಮುಂದೆ ಇದುವರೆಗೆ ಯಾರೂ ನಿಂತಿಲ್ಲ.

ವಿಮಾನ ನಿಲ್ದಾಣ

ಮರಳುಗಾಡು ಎಂದರೆ ಬಿಸಿಲು ಎಂದುಕೊಂಡು ಎರಡು ತೆಳು ಅಂಗಿಯಲ್ಲಿ ಹೋಗಿದ್ದೆ. ಇಳಿದರೆ ಮೂಳೆಗೆ ಇಳಿಯುವ ಗಾಳಿ. ಅದು ಮೊದಲನೇ ಗಲಿಬಿಲಿ.

ಎರಡನೆಯದು ಕಸ್ಟಮ್ಸಿನವನ ಮೇಜಿನ ಮೇಲೆ. ನನ್ನ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಸಾಮಾನು ಜಾಸ್ತಿ. ಸ್ಕ್ರೇಪರ್, ಮೈಕ್ರೋಮೀಟರ್, ನೇರಪಟ್ಟಿ ಎಲ್ಲವನ್ನೂ ಆತ ಒಂದೊಂದಾಗಿ ಎತ್ತಿ ದೀಪಕ್ಕೆ ಹಿಡಿದು ನೋಡಿದ. ಕೊನೆಗೆ ವಾಲ್ವ್ ಉಜ್ಜುವ ಪೇಸ್ಟಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದು ಮೂಸಿದ. ಬೂದು ಬಣ್ಣದ ಜಿಡ್ಡು. ಬೆರಳಿನಿಂದ ನನ್ನ ಬಾಯಿ ತೋರಿಸಿದ, ತಿಂದು ತೋರಿಸು ಎನ್ನುವ ಹಾಗೆ. ನಾನು ಸ್ವಲ್ಪ ತೆಗೆದು ಹೆಬ್ಬೆರಳಿನ ಉಗುರಿಗೆ ಹಚ್ಚಿ ಗರಗರ ಉಜ್ಜಿ ಉಗುರು ಸವೆದದ್ದನ್ನು ತೋರಿಸಿದೆ. ಆತ ತನ್ನ ಉಗುರಿಗೂ ಹಚ್ಚಿ ಉಜ್ಜಿಕೊಂಡ. ಪಕ್ಕದ ಮೇಜಿನವನನ್ನು ಕರೆದು ಅವನಿಗೂ ಹಚ್ಚಿದ. ಇಬ್ಬರೂ ನಕ್ಕರು, ಡಬ್ಬಿ ವಾಪಸು ಕೊಟ್ಟರು. ಯಾಕೆ ಹಿಡಿದರು, ಯಾಕೆ ಬಿಟ್ಟರು, ಎರಡೂ ತಿಳಿಯಲಿಲ್ಲ.

ಹೊರಗೆ ಹಮೀದ್ ಕಾಯುತ್ತಿದ್ದರು. ಒಂದು ಕಾಲದಲ್ಲಿ ಮಂಗಳೂರಿನಿಂದ ಮೀನಿನ ಲಾರಿ ಓಡಿಸುತ್ತಿದ್ದ ಬ್ಯಾರಿ ಇವರು. ನನ್ನ ಶೆಡ್ಡಿನಲ್ಲಿ ಎಷ್ಟೋ ಹಗಲು ಐಸು ಕರಗುವುದನ್ನು ನೋಡುತ್ತಾ ಕೂತಿದ್ದರು. ಕುವೈತಿಗೆ ಹೋಗಿ ಗ್ಯಾರೇಜ್ ಇಟ್ಟು ಹದಿನೈದು ವರ್ಷವಾಗಿತ್ತು. ನನ್ನನ್ನು ಕರೆಸಿದವರೂ ಅವರೇ.

"ಎಂತ ಮಾರಾಯ್ರೆ, ಒಳಗೇ ಗ್ಯಾರೇಜ್ ಹಾಕಿದ್ರಾ? ಒಂದು ಗಂಟೆ ಆಯ್ತು" ಎಂದು ತಮ್ಮ ಕೋಟು ಬಿಚ್ಚಿ ನನ್ನ ಹೆಗಲಿಗೆ ಹಾಕಿದರು.

ಶುವೈಖ್

ಶುವೈಖ್ ಎಂದರೆ ಬಂದರು, ಗೋದಾಮು, ಗ್ಯಾರೇಜುಗಳ ಸಾಲು. ಎಣ್ಣೆಯ ವಾಸನೆಗೆ ನನಗೆ ಊರಿಗೇ ಬಂದ ಹಾಗಾಯಿತು. ಆದರೆ ಮೊದಲನೇ ದಿನವೇ ಒಂದು ಎಡವಟ್ಟು ಮಾಡಿದೆ. ಕಿರಾಣಿ ಅಂಗಡಿಯ ಮುಂದೆ ದೊಡ್ಡ ಕಾರೊಂದು ಎಂಜಿನ್ ಓಡುತ್ತಾ ನಿಂತಿತ್ತು, ಒಳಗೆ ಯಾರೂ ಇರಲಿಲ್ಲ. ಪಾಪ, ಆರಿಸುವುದನ್ನು ಮರೆತು ಹೋಗಿದ್ದಾರೆ, ಪೆಟ್ರೋಲ್ ಹಾಳು ಎಂದು ಕೈ ಹಾಕಿ ಆರಿಸಿ, ಬೀಗದ ಕೈ ತಂದು ಅಂಗಡಿಯವನಿಗೆ ಕೊಟ್ಟೆ. ಅಂಗಡಿಯವನು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದ. ಹಮೀದ್ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದರು.

"ಇಲ್ಲಿ ಹಾಗೆಯೇ ಬಿಟ್ಟು ಹೋಗ್ತಾರೆ. ಒಳಗೆ ಬೆಚ್ಚಗೆ ಇರ್ಲಿ ಅಂತ."

"ಯಾರಿಗೆ ಬೆಚ್ಚಗೆ? ಒಳಗೆ ಯಾರೂ ಇಲ್ವಲ್ಲ."

"ಸೀಟಿಗೆ" ಎಂದರು ಹಮೀದ್.

ಹೀಗೆ ಪೆಟ್ರೋಲನ್ನು ನೀರಿಗಿಂತ ಅಗ್ಗ ಮಾಡಿ ಓಡಿಸುವ ಊರಿನಲ್ಲಿ ನಾನು ನೋಡಬೇಕಾಗಿದ್ದ ಏಳು ಕಾರುಗಳು ಮಾತ್ರ ಓಡುತ್ತಿರಲಿಲ್ಲ. ಹಮೀದರ ಗ್ಯಾರೇಜಿನ ಹಿಂಭಾಗದಲ್ಲಿ ಏಸಿ ಹಾಕಿದ ಕೋಣೆಯೊಳಗೆ, ಮೈತುಂಬ ಬಟ್ಟೆ ಹೊದ್ದು ಮಲಗಿದ್ದವು. ಎಲ್ಲ ಎರಡು ಬಾಗಿಲಿನವು, ಉದ್ದ ಮೂತಿ, ಬಾನೆಟ್ಟಿನ ಕೆಳಗೆ ನಮ್ಮ ಲಾರಿಗಿಂತ ಶಕ್ತಿಯ ಎಂಟು ಸಿಲಿಂಡರಿನ ಎಂಜಿನ್. ಇಪ್ಪತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಪಡ್ಡೆ ಹುಡುಗರು ಇವುಗಳಲ್ಲಿ ಪಂದ್ಯ ಕಟ್ಟಿ ಓಡುತ್ತಿದ್ದರಂತೆ.

ಅವುಗಳ ಒಡೆಯ ಅಬು ಸಾಲೆಂ. ಅರವತ್ತು ದಾಟಿದ ಕುವೈತಿ. ಅವರ ತಂದೆಗೆ ಮುಂಬಯಿಯಲ್ಲಿ ಖರ್ಜೂರದ ವ್ಯಾಪಾರವಿತ್ತು, ಹಾಗಾಗಿ ಇವರಿಗೂ ಹರಕುಮುರುಕು ಹಿಂದಿ ಬರುತ್ತಿತ್ತು. ನನ್ನದು ಲಾರಿ ಹಿಂದಿ. ಎರಡೂ ಚೆನ್ನಾಗಿ ಹೊಂದಿಕೊಂಡವು. ನನ್ನನ್ನು ಅವರು ಮೊದಲ ದಿನದಿಂದಲೇ "ಮುಹಂದಿಸ್" ಎಂದು ಕರೆದರು. ಹಾಗೆಂದರೆ ಎಂಜಿನಿಯರ್ ಅಂತೆ. ಆರನೇ ಕ್ಲಾಸಿನವನಿಗೆ ಅದು ಎಲ್ಲಿ ನಾಟಿತು ಎಂದು ಹೇಳಬೇಕಾಗಿಲ್ಲ.

ಅವರು ಕೇಸರಿ ಬಣ್ಣದ ಕಮಾರೋ ಕಾರಿನ ಹೊದಿಕೆಯನ್ನು ತಾವೇ ತೆಗೆದರು. "ಯೇ ಸೋನಾ ಸೇ ಅಚ್ಛಾ" ಎಂದರು. ಚಿನ್ನ ಏರುತ್ತದೆ, ಇಳಿಯುತ್ತದೆ. ಇದು ಬರೀ ಏರುತ್ತದೆ ಎಂದು ಕೈಯನ್ನು ಮೇಲಕ್ಕೆತ್ತಿ ತೋರಿಸಿದರು. ನನಗೆ ಕಂಡದ್ದು ಬೇರೆ. ಬಾಗಿಲಿನ ಕೆಳಗೆ ಬಣ್ಣ ಸೋರಿ ಹನಿಯಾಗಿ ಒಣಗಿತ್ತು. ನಮ್ಮಲ್ಲಿ ಹಾಗೆ ಬಣ್ಣ ಹೊಡೆದರೆ ಮಾರನೇ ದಿನ ಕೆಲಸದಿಂದ ತೆಗೆಯುತ್ತಾರೆ. ಎಂಜಿನ್ನಿನ ಹಿಂದಿನ ತಗಡಿನ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಗೀಚಿದ್ದರು. ಒಂದು ಚಿಂದಿ, ಸ್ವಲ್ಪ ಸೀಮೆಎಣ್ಣೆ ಸಿಕ್ಕಿದ್ದರೆ ಅಲ್ಲೇ ಒರೆಸುತ್ತಿದ್ದೆ. ಅಬು ಸಾಲೆಂ ಆ ಹನಿಯನ್ನೂ ಗೀಚನ್ನೂ ಮಗುವಿನ ಮಚ್ಚೆ ತೋರಿಸುವ ಹಾಗೆ ತೋರಿಸಿ, "ಕಾರ್ಖಾನಾ ಕಾ! ಹಾಥ್ ನಹೀ" ಎಂದರು. ಕಾರ್ಖಾನೆಯಲ್ಲಿ ಆದದ್ದು, ಕೈ ಹಚ್ಚಕೂಡದು.

ಅವರು ಹೋದ ಮೇಲೆ ಹಮೀದ್ ನನ್ನನ್ನು ಕೂರಿಸಿ ಪೂರ್ತಿ ವಿಷಯ ಹೇಳಿದರು.

"ನೋಡಿ, ಈ ಶೆಡ್ಡು ಅವರದ್ದು. ನನ್ನ ಕಫೀಲ್ ಅವರು, ಅಂದ್ರೆ ಜಾಮೀನುದಾರ. ಇಲ್ಲಿ ಇರ್ಲಿಕ್ಕೆ ಬೇಕಾದ ಪರವಾನಗಿ, ಇಕಾಮಾ, ಅವರ ಹೆಸರಿನಲ್ಲಿ. ಹಿಂದೆ ಶೇರು ಬಜಾರು ಮಗುಚಿತಲ್ಲ, ಆಗ ಅವರದ್ದು ಬಹಳ ಹೋಯ್ತು. ಈಗ ಎಂತದಾದ್ರೂ ಒಂದು ಮಾರ್ಬೇಕು. ಶುಐಬಾದ ಕಾರ್ಖಾನೆಯಲ್ಲಿ ಒಬ್ಬ ಅಮೆರಿಕದವ ಇದ್ದಾನೆ, ಡೀನ್ ಅಂತ. ನೌಕರಿ ಮುಗಿಸಿ ಊರಿಗೆ ಹೊರಟಿದ್ದಾನೆ. ಅವನಿಗೆ ಈ ಕೇಸರಿ ಗಾಡಿ ಬೇಕು. ಇದೊಂದು ಒಳ್ಳೇ ರೇಟಿಗೆ ಹೋದ್ರೆ ಶೆಡ್ಡು ಉಳೀತದೆ. ಹೋಗ್ಲಿಲ್ಲ ಅಂದ್ರೆ ಶೆಡ್ಡು ಮಾರ್ತಾರೆ. ಶೆಡ್ಡು ಮಾರಿದ್ರೆ ನಾನು ಮತ್ತು ಒಂಬತ್ತು ಜನ ಕೆಲಸದವರು ಊರಿಗೆ. ಖಲಾಸ್."

ಕಾರಿನ ಎಂಜಿನ್ ಸ್ಟಾರ್ಟ್ ಆದರೆ ಐದು ನಿಮಿಷದಲ್ಲಿ ಬಿಸಿಯಾಗುತ್ತಿತ್ತು. ಎಣ್ಣೆ ಅಳೆಯುವ ಕಡ್ಡಿ ತೆಗೆದು ನೋಡಿದೆ. ಎಣ್ಣೆ ಹಾಲು ಹಾಕಿದ ಕಾಫಿಯ ಹಾಗಿತ್ತು. ನೀರು ಒಳಗೆ ಸೇರುತ್ತಿದೆ. ಇದು ನನಗೆ ಅಂಗೈಯಷ್ಟು ಪರಿಚಯದ ಕಾಯಿಲೆ.

"ಇಲ್ಲಿ ಮೆಕ್ಯಾನಿಕ್ಕುಗಳಿಲ್ವೇನ್ರಿ?" ಎಂದೆ.

"ಇದ್ದಾರೆ. ಎಲ್ಲ ಪಾರ್ಟ್ ಬದಲಿಸುವವರು. ಹಳೇದನ್ನೇ ಸರಿ ಮಾಡುವವ ಬೇಕು ಅಂದ್ರು. ನಾನು ನಿಮ್ಮ ಹೆಸರು ಹೇಳಿದೆ."

ಬ್ನೇದ್ ಅಲ್ ಗಾರ್, ಶುಕ್ರವಾರದ ಊಟ

ಹಮೀದರ ಗ್ಯಾರೇಜಿಗೆ ರಿಪೇರಿಗೆಂದು ಕಾರು ಬಿಡುತ್ತಿದ್ದ ಮೂರ್ತಿಯವರು ಮೈಸೂರಿನವರು, ಅಲ್ಲಿ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಕನ್ನಡದವನೊಬ್ಬ ಬಂದಿದ್ದಾನೆ ಎಂದು ತಿಳಿದು ಬ್ನೇದ್ ಅಲ್ ಗಾರ್ ಬಡಾವಣೆಯ ತಮ್ಮ ಮನೆಗೆ ಊಟಕ್ಕೆ ಕರೆದರು. ಆರನೇ ಮಹಡಿಯಲ್ಲಿ ಹುಳಿ, ಪಲ್ಯ, ಹಪ್ಪಳ. ಕಿಟಕಿಯಲ್ಲಿ ಕಡಲು. ಎಲೆ ಬದಲು ಅಗಲದ ಗಾಜಿನ ತಟ್ಟೆ. ಹುಳಿ ಅದರ ಮೇಲೆ ದಿಕ್ಕೆಟ್ಟು ಓಡುತ್ತಿತ್ತು.

ಓದಿದವರು ಸಿಕ್ಕಿದರಲ್ಲ ಎಂದು ನನ್ನ ತಲೆಯಲ್ಲಿದ್ದದ್ದನ್ನು ಕೇಳಿಬಿಟ್ಟೆ. "ಸಾರ್, ಹೊಸಾ ಕಾರಿಗಿಂತ ಈ ಹಳೇದಕ್ಕೆ ಹೆಂಗೆ ಸಾರ್ ರೇಟು ಜಾಸ್ತಿ?"

ಮೂರ್ತಿ ಉತ್ಸಾಹದಿಂದ ಮುಂದಕ್ಕೆ ಬಾಗಿದರು. "ಸಿಂಪಲ್ ಪುಟ್ಟಸ್ವಾಮಿ. ಪೆಟ್ರೋಲ್ ಕ್ರೈಸಿಸ್ ಬಂತು ನೋಡಿ, ಆಗ ಅಮೆರಿಕದಲ್ಲಿ ಈ ದೊಡ್ಡ ಎಂಜಿನ್ ಮಾಡೋದನ್ನೇ ನಿಲ್ಲಿಸಿಬಿಟ್ರು. ಇದ್ದವನ್ನು ಓಡಿಸಿ, ಗುದ್ದಿ, ಗುಜರಿಗೆ ಹಾಕಿದ್ರು. ಆ ಕಾಲದಲ್ಲಿ ರಸ್ತೆ ಬದಿ ನಿಂತು ಆಸೆಪಟ್ಟು ನೋಡ್ತಿದ್ದ ಹುಡುಗರು ಈಗ ಡಾಕ್ಟರು, ಲಾಯರು. ಕೈಯಲ್ಲಿ ದುಡ್ಡಿದೆ, ಕಾರಿಲ್ಲ. ವರ್ಷಾ ವರ್ಷಾ ಬೆಲೆ ಏರ್ತಿದೆ. ಇಲ್ಲಿ ಪೆಟ್ರೋಲಿಗೆ ಬರ ಇರಲಿಲ್ಲ, ಹಾಗಾಗಿ ಕೆಲವು ಉಳ್ಕೊಂಡ್ವು."

"ಹಂಗಾದ್ರೆ ತಗೊಂಡವ್ರು ಆಸೆ ತೀರೋಹಂಗೆ ಓಡಿಸ್ತಾರಾ?"

"ಇಲ್ಲ ಇಲ್ಲ. ಓಡಿಸಿದ್ರೆ ಬೆಲೆ ಇಳಿಯುತ್ತೆ."

ನಾನು ಹಪ್ಪಳ ಕೆಳಗಿಟ್ಟೆ. ಓಡಿದರೆ ಇಳಿಯುತ್ತದೆ, ನಿಂತರೆ ಏರುತ್ತದೆ. ಹಾಗಾದರೆ ಅದು ಕಾರು ಹೇಗಾಯಿತು? ಮೂರ್ತಿಯವರ ಹತ್ತು ವರ್ಷದ ಮಗಳು ನನ್ನ ಮುಖ ನೋಡಿ ಕನಿಕರಪಟ್ಟು, "ಇಟ್ಸ್ ಆನ್ ಇನ್ವೆಸ್ಟ್‌ಮೆಂಟ್, ಅಂಕಲ್" ಎಂದಳು. ಅವಳಿಗೆ ಕೂಡ ತಿಳಿದಿತ್ತು.

ಹೊರಡುವಾಗ ಮೂರ್ತಿ, "ಎಲ್ಲಾ ಒರಿಜಿನಲ್ ಇರಬೇಕು, ಅಷ್ಟೇ ಮುಖ್ಯ" ಎಂದರು. ಅದಕ್ಕೆ ನನಗೆ ಭಯವಿರಲಿಲ್ಲ. ನಕಲಿ ಪಾರ್ಟು ಹಾಕುವವನು ನಾನಲ್ಲ.

ಬಶೀರ್ ಭಾಯಿಯ ಯಂತ್ರ

ಎಂಜಿನ್ ಇಳಿಸಿ, ಮೇಲಿನ ಹೆಡ್ಡುಗಳನ್ನು ಬಿಚ್ಚಿ, ಕೆಳಗಿನ ಬ್ಲಾಕಿನ ಮುಖದ ಮೇಲೆ ನೇರಪಟ್ಟಿ ಇಟ್ಟು ನೋಡಿದೆ. ಊಹಿಸಿದ ಹಾಗೆಯೇ ನಡುವೆ ಸೊಟ್ಟ. ಎಷ್ಟು ಹೊಸ ಪ್ಯಾಕಿಂಗ್ ಹಾಕಿದರೂ ಅಲ್ಲಿಂದ ನೀರು ನುಗ್ಗುತ್ತದೆ. ಮುಖವನ್ನು ಯಂತ್ರದಲ್ಲಿ ಹತ್ತು ಥೌ ಹೆರೆಯಬೇಕು. ಹತ್ತು ಥೌ ಎಂದರೆ ಮೂರು ಕೂದಲೆಳೆ ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಅದಕ್ಕಿಂತ ಒಂದೆಳೆಯೂ ಹೆಚ್ಚಿಲ್ಲ.

ಆ ಯಂತ್ರ ಇದ್ದದ್ದು ಎರಡು ಬೀದಿ ಆಚೆ, ಲಾಹೋರಿನ ಬಶೀರ್ ಭಾಯಿಯ ಅಂಗಡಿಯಲ್ಲಿ. ಗಡ್ಡಕ್ಕೆ ಮೆಹಂದಿ ಹಚ್ಚಿದ ದಪ್ಪ ಮನುಷ್ಯ, ಕೆಲಸ ಬಲ್ಲವನು. ಯಂತ್ರದ ಹಿಡಿ ನಾನೇ ಹಿಡಿಯುತ್ತೇನೆ ಎಂದದ್ದಕ್ಕೆ ಬೇಸರಪಡದೆ ಪಕ್ಕಕ್ಕೆ ನಿಂತ. ಬ್ಲಾಕ್ ಕೂರಿಸಿ ಮಟ್ಟ ನೋಡಿದೆವು. ಬ್ಲಾಕಿನ ಮುಂದಿನ ಬಲಮೂಲೆಯಲ್ಲಿ, ಅದೇ ಮಟ್ಟದಲ್ಲಿ, ಎರಡು ಬೆರಳಗಲದ ಒಂದು ಪಟ್ಟಿಯಿತ್ತು. ಅದರ ಮೇಲೆ ಮಾಸಿದ ಸಣ್ಣ ಅಕ್ಷರಗಳು, ಅಂಕಿಗಳು.

ಬಶೀರ್ ಅಲ್ಲಿಗೆ ಬೆರಳಿಟ್ಟ. "ಉಸ್ತಾದ್, ಯೇ ನಂಬರ್ ಭೀ ಕಟ್ ಜಾಯೇಗಾ."

"ಜಾನೇ ದೋ" ಎಂದೆ, ಆ ನಂಬರೂ ಹೋದರೆ ಹೋಗಲಿ ಎಂದು.

"ಮಾಲಿಕ್ ಸೇ ಪೂಛಾ?"

ಒಡೆಯನನ್ನು ಕೇಳಿದೆಯಾ ಎಂದ. ಆ ಮಾತು ನನಗೆ ಚುಚ್ಚಿತು. ಲಾರಿ ಮಾಲೀಕರು ನನ್ನನ್ನು ಕೇಳಿ ಲಾರಿ ಕೊಳ್ಳುತ್ತಾರೆ. ನಾನು ಅವರನ್ನು ಕೇಳಿ ಎಂಜಿನ್ ಕಟ್ಟಿದವನಲ್ಲ. ಬಣ್ಣ ಮುಟ್ಟಬೇಡ ಎಂದಿದ್ದರು, ಮುಟ್ಟಿರಲಿಲ್ಲ. ಗೀಚು ಒರೆಸಬೇಡ ಎಂದಿದ್ದರು, ಒರೆಸಿರಲಿಲ್ಲ. ಕಬ್ಬಿಣದ ಸಂಗತಿ ಯಾರೂ ಏನೂ ಹೇಳಿರಲಿಲ್ಲ. ಕಬ್ಬಿಣ ನನ್ನದು. "ಚಲಾವ್" ಎಂದೆ.

ಯಂತ್ರ ಹೋಗಿ ಬಂದಿತು. ಮುಖ ಕನ್ನಡಿಯಾಯಿತು, ಪಟ್ಟಿಯೂ ಕನ್ನಡಿಯಾಯಿತು. ಅಷ್ಟು ಚೊಕ್ಕಟವಾದ ಜಾಗ ಖಾಲಿ ಬಿಡುವುದುಂಟೇ? ನನ್ನ ಪಂಚು ತೆಗೆದು ಆ ಪಟ್ಟಿಯ ಮೇಲೆ ಪಿ.ಎಸ್. ಎಂದು ಹೊಡೆದೆ, ಪಕ್ಕದಲ್ಲಿ ಹತ್ತು ಎಂದು ಹೆರೆದ ಅಳತೆ. ಬಶೀರ್ ಗಡ್ಡ ಕೆರೆದುಕೊಂಡ.

ಮತ್ತೆ ಶುವೈಖ್

ಹನ್ನೆರಡು ದಿನ ಕೂತು ಎಂಜಿನ್ ಕಟ್ಟಿದೆ. ಸ್ಟಾರ್ಟ್ ಮಾಡಿದ ದಿನ ಒಂಬತ್ತು ಜನ ಕೆಲಸದವರೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಬಂದರು. ಅದರ ಸದ್ದನ್ನು ಹೇಗೆ ಬರೆಯಲಿ? ಕಿವಿಗೆ ಬರುವುದಕ್ಕಿಂತ ಮೊದಲು ಎದೆಗೆ ಬರುತ್ತದೆ. ಅರ್ಧ ಗಂಟೆ ಓಡಿಸಿದರೂ ಬಿಸಿಯಾಗಲಿಲ್ಲ, ಎಣ್ಣೆ ಚೊಕ್ಕಟವಾಗಿಯೇ ಇತ್ತು. ಅಬು ಸಾಲೆಂ ಬಂದು ಕಣ್ಣು ಮುಚ್ಚಿ ಕೇಳುತ್ತಾ ನಿಂತರು. "ಮುಹಂದಿಸ್, ಮುಹಂದಿಸ್" ಎಂದು ನನ್ನ ಬೆನ್ನು ತಟ್ಟಿದರು.

ಆಮೇಲೆ ಜೇಬಿನಿಂದ ಕಾರಿನ ಹಳೆಯ ಕಾಗದವೊಂದನ್ನು ತೆಗೆದರು. ಟಾರ್ಚು ಕೇಳಿದರು. ಬಿಳಿ ನಿಲುವಂಗಿಯಲ್ಲಿ ಎಣ್ಣೆಯ ನೆಲದ ಮೇಲೆ ಮಂಡಿಯೂರಿ, ಎಂಜಿನ್ನಿನ ಮುಂದಿನ ಬಲಮೂಲೆಗೆ ಬೆಳಕು ಬಿಟ್ಟರು.

"ಯೇ ಕ್ಯಾ ಹೈ?"

"ಮೇರಾ ನಾಮ್" ಎಂದೆ, ಎದೆಯುಬ್ಬಿಸಿ.

ಅವರು ಎದ್ದು ಮಂಡಿ ಒರೆಸಿಕೊಂಡರು. ನಮ್ಮೂರಿನ ಮಾಲೀಕನಾಗಿದ್ದರೆ ಸ್ಪ್ಯಾನರ್ ಹಾರಿಬರುತ್ತಿತ್ತು, ಏನೋ ತಪ್ಪಾಗಿದೆ ಎಂದಾದರೂ ತಿಳಿಯುತ್ತಿತ್ತು. ಇವರು ಚಹಾ ತರಿಸಿದರು. ಮೂವರೂ ಸಣ್ಣ ಗಾಜಿನ ಲೋಟದಲ್ಲಿ ಕುಡಿದೆವು. ಹಮೀದರಿಗೆ ಅರಬ್ಬಿಯಲ್ಲಿ ಮೆಲ್ಲಗೆ ನಾಲ್ಕು ಮಾತು ಹೇಳಿ, ನನಗೆ ಸಲಾಂ ಮಾಡಿ ಹೊರಟುಹೋದರು.

ಹಮೀದರ ಮುಖದಲ್ಲಿ ರಕ್ತ ಇರಲಿಲ್ಲ. "ಆ ನಂಬರ್ ಎಲ್ಲಿ ಮಾರಾಯ್ರೆ?"

"ಹೆರೆದಾಗ ಹೋಯ್ತು. ಯಾಕೆ?"

"ಅದಕ್ಕೇ ಬೆಲೆ. ಮುಂದಿನ ಗಾಜಿನ ಕೆಳಗೆ ಒಂದು ನಂಬರ್ ಉಂಟು, ಎಂಜಿನ್ ಮೇಲೆ ಅದೇ ನಂಬರ್. ಎರಡೂ ಒಂದೇ ಆದ್ರೆ ಇದು ಹುಟ್ಟಿದಾಗಿನ ಎಂಜಿನ್ ಅಂತ ಲೆಕ್ಕ. ಇಲ್ಲದಿದ್ರೆ ಇದು ಬರೀ ಹಳೇ ಗಾಡಿ. ಅರ್ಧ ರೇಟಿಗೂ ಕೇಳುವವ ಇಲ್ಲ."

"ಎಂಜಿನ್ ಅದೇ ಅಲ್ವೇನ್ರಿ? ನಾನೇ ಇಳಿಸ್ದೆ, ನಾನೇ ಏರಿಸ್ದೆ."

"ನಿಮಗೆ ಗೊತ್ತುಂಟು, ನನಗೆ ಗೊತ್ತುಂಟು. ಅಮೆರಿಕಕ್ಕೆ ಗೊತ್ತುಂಟಾ?"

ಓಡದ ಎಂಜಿನ್ನಿಗೆ ಬೆಲೆಯಿತ್ತು. ಅದನ್ನು ಓಡುವಂತೆ ಮಾಡಿದೆ, ಬೆಲೆ ಹೋಯಿತು. ನಾನು ಲೋಟ ಹಿಡಿದುಕೊಂಡೇ ಕೂತಿದ್ದೆ.

ಪಂಚಿನ ಪೆಟ್ಟಿಗೆ

ಡೀನ್ ಬರಲು ಎರಡು ದಿನವಿತ್ತು. ಸುದ್ದಿ ಬಶೀರ್ ಭಾಯಿಗೆ ಮುಟ್ಟಿ, ಮಾರನೇ ಬೆಳಿಗ್ಗೆ ಆತ ಒಂದು ಮರದ ಪೆಟ್ಟಿಗೆ ಹಿಡಿದುಕೊಂಡು ಬಂದ. ಒಳಗೆ ಸಣ್ಣ ಪಂಚುಗಳು, ನನ್ನವುಗಳ ಹಾಗೆ ದಪ್ಪ ಅಕ್ಷರದವಲ್ಲ. ಕಾರ್ಖಾನೆಯ ಅಕ್ಷರಕ್ಕೆ ಹೊಂದುವಂಥವು. ಇನ್ನೊಂದು ಕೂದಲೆಳೆ ಹೆರೆದು ನಿನ್ನ ಹೆಸರು ತೆಗೆ, ಕಾಗದದಲ್ಲಿರುವ ನಂಬರನ್ನು ಅಲ್ಲಿ ಹೊಡೆ, ಯಾರಪ್ಪನಿಗೂ ತಿಳಿಯುವುದಿಲ್ಲ ಎಂದ. ಅಬು ಸಾಲೆಂ ಹೇಳಿ ಕಳಿಸಿದರೋ, ಅವನೇ ಕನಿಕರದಿಂದ ಬಂದನೋ, ನಾನು ಕೇಳಲಿಲ್ಲ.

ಹಳೆ ಬ್ಲಾಕಿನ ಚೂರೊಂದರ ಮೇಲೆ ಹೊಡೆದು ನೋಡಿದೆ. ಸ್ವಲ್ಪ ಉಪ್ಪುನೀರು, ಸ್ವಲ್ಪ ಎಣ್ಣೆಮಸಿ ಹಚ್ಚಿದೆ. ಇಪ್ಪತ್ತು ವರ್ಷ ಹಳೆಯದಾಯಿತು. ಬಶೀರ್, "ವಾಹ್ ಉಸ್ತಾದ್" ಎಂದ. ಹಮೀದರ ಮುಖಕ್ಕೆ ರಕ್ತ ವಾಪಸು ಬಂತು.

ಆ ದಿನವೆಲ್ಲ ನನ್ನ ತಲೆ ಕೆಟ್ಟ ಡೈನಮೋ ಆಗಿತ್ತು. ಎಂಜಿನ್ ಅದೇ. ನಂಬರ್ ಅದೇ. ಮತ್ತೆ ಹೊಡೆದರೆ ನಿಜವನ್ನೇ ಹೊಡೆದ ಹಾಗೆ. ಆದರೂ ಅದು ಸುಳ್ಳು. ಹೊಡೆಯದೆ ಬಿಟ್ಟರೆ ಎಂಜಿನ್ ಬೇರೆಯದು ಎಂದು ಜನ ತಿಳಿಯುತ್ತಾರೆ, ಅದೂ ಸುಳ್ಳು. ಎರಡು ಸುಳ್ಳಿನಲ್ಲಿ ಯಾವುದು ಯಾರದ್ದು? ಸಂಜೆ ಕಡಲ ದಡದಲ್ಲಿ ನಡೆದೆ. ಕುಟುಂಬಗಳು ಚಾಪೆ ಹಾಸಿ ಊಟ ಬಿಚ್ಚಿಕೊಂಡು ಕೂತಿದ್ದವು, ಹಿಂದೆ ಅವರ ಕಾರುಗಳು ಖಾಲಿಯಾಗಿ ಗುರುಗುಟ್ಟುತ್ತಾ ನಿಂತಿದ್ದವು.

ಒಂದು ಸಂಗತಿ ನೆನಪಾಯಿತು. ಹಿಂದೊಮ್ಮೆ ಅರಸೀಕೆರೆಯಲ್ಲಿ ಯಾವನೋ ತಾನು ಕೆಡಿಸಿದ ಎಂಜಿನ್ನಿನ ಮೇಲೆ ನನ್ನ ಪಿ.ಎಸ್. ಹೊಡೆದು ಮಾರಿದ್ದ. ಬಸ್ಸು ಹತ್ತಿ ಹೋಗಿ ಅವನ ಅಂಗಡಿ ಮುಂದೆ ಇಡೀ ಹಗಲು ನಿಂತು ಕೂಗಾಡಿ ಬಂದಿದ್ದೆ. ಇನ್ನೊಬ್ಬನ ಗುರುತನ್ನು ಅವನ ಕೈಯೇ ಎನ್ನುವ ಹಾಗೆ ಹೊಡೆಯುವುದಿದೆಯಲ್ಲ, ಅದು ನನ್ನ ಲೆಕ್ಕದಲ್ಲಿ ಕಳ್ಳತನ. ಅಮೆರಿಕದ ಆ ಕಾರ್ಖಾನೆಯಲ್ಲಿ ಪಂಚ್ ಹೊಡೆದವನೂ ನನ್ನ ಹಾಗೆ ಒಬ್ಬ ಮೇಸ್ತ್ರಿಯೇ ತಾನೇ.

ಮಾರನೇ ದಿನ ಪೆಟ್ಟಿಗೆ ಬಶೀರನಿಗೆ ವಾಪಸು ಕೊಟ್ಟೆ. ಹಮೀದ್ ಮೊದಲ ಸಲ ನನ್ನ ಮೇಲೆ ದನಿ ಏರಿಸಿದರು.

"ನಿಮಗೆ ಊರಿಗೆ ಹೋಗ್ಲಿಕ್ಕೆ ಟಿಕೆಟ್ ಉಂಟು ಸ್ವಾಮಿ. ಹೋಗಿ ಶೆಡ್ಡು ತೆಗೀತೀರಿ. ನನಗೆ ಎಂತ ಉಂಟು ಅಲ್ಲಿ? ಪುನಃ ಮೀನಿನ ಲಾರಿ ಹತ್ತುದಾ? ನಿಮ್ಮ ಮರ್ಯಾದೆಗೆ ನಾನು ಯಾಕೆ ಬಾಡಿಗೆ ಕಟ್ಟುದು?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. "ಹೇಳೋದನ್ನ ನಾನೇ ಹೇಳ್ತೀನಿ. ನಿಮ್ಮ ಮೇಲೆ ಹಾಕಲ್ಲ" ಎಂದೆ.

"ಹೇಳಿ ಹೇಳಿ. ಕನ್ನಡದಲ್ಲಿ ಹೇಳಿ. ಅವನಿಗೆ ಚೆನ್ನಾಗಿ ಅರ್ಥ ಆಗ್ತದೆ" ಎಂದು ಹೊರಗೆ ಹೋದರು.

ಶುಐಬಾದಿಂದ ಬಂದವನು

ಡೀನ್ ಎತ್ತರದ ಮನುಷ್ಯ, ಮೂಗಿನ ಮೇಲೆ ಚರ್ಮ ಸುಲಿದಿತ್ತು. ಬಂದವನೇ ಕೈ ಕುಲುಕಿ, ರಟ್ಟು ಹಾಸಿಕೊಂಡು ಕಾರಿನ ಕೆಳಗೆ ಅಂಗಾತ ಮಲಗಿದ. ಕೈಯಲ್ಲಿ ಟಾರ್ಚು, ಹಲ್ಲಿನ ಡಾಕ್ಟರರ ಹತ್ತಿರ ಇರುವಂಥ ಸಣ್ಣ ಕನ್ನಡಿ. ಸೋರಿದ ಬಣ್ಣದ ಹನಿ ನೋಡಿ ಖುಷಿಪಟ್ಟ. ಸೀಮೆಸುಣ್ಣದ ಗೀಚು ನೋಡಿ ಇನ್ನೂ ಖುಷಿಪಟ್ಟ. ಅಬು ಸಾಲೆಂ ಕುರ್ಚಿಯಲ್ಲಿ ಜಪಮಣಿ ಎಣಿಸುತ್ತಿದ್ದರು. ಹಮೀದ್ ಅವರ ಪಕ್ಕ ನೆಲ ನೋಡುತ್ತಾ ನಿಂತಿದ್ದರು.

ಡೀನ್ ಎಂಜಿನ್ನಿನ ಬಲಮೂಲೆಗೆ ಬರುವ ಮೊದಲೇ ನಾನು ಅಡ್ಡ ಹೋಗಿ ನಿಂತೆ. ನನಗೆ ಗೊತ್ತಿದ್ದ ಇಂಗ್ಲಿಷೆಲ್ಲ ಪಾರ್ಟುಗಳ ಹೆಸರು. ಅವುಗಳಲ್ಲೇ ಆರಿಸಿ ಜೋಡಿಸಿದೆ.

"ಬ್ಲಾಕ್ ಬೆಂಡ್. ವಾಟರ್ ಲೀಕ್. ಮೆಷಿನ್ ಕಟ್, ನಂಬರ್ ಕಟ್. ಮೀ. ಐ ಕಟ್."

ಡೀನ್ ನನ್ನನ್ನೂ ಆ ಪಟ್ಟಿಯನ್ನೂ ನೋಡಿದ. ಕನ್ನಡಿ ಕೆಳಗಿಟ್ಟು ಹಮೀದರನ್ನು ಏನೋ ಕೇಳಿದ. ಹಮೀದ್ ಸುಳ್ಳು ಹೇಳುವುದಾದರೆ ಆಗಲೇ ಹೇಳಬೇಕಿತ್ತು. ಅವರು ಒಂದೂ ಬಿಡದೆ ನಡೆದದ್ದನ್ನೆಲ್ಲ ಹೇಳಿದರು. ಬಶೀರನ ಪೆಟ್ಟಿಗೆಯ ವಿಷಯವನ್ನೂ ಹೇಳಿದರು, ನಾನು ಹಿಂದಿರುಗಿಸಿದ್ದನ್ನೂ.

ಡೀನ್ ಎಂಜಿನ್ ಸ್ಟಾರ್ಟ್ ಮಾಡಿಸಿದ. ಕೇಳಿದ. ಆರಿಸಿದ. ಮತ್ತೆ ಕೆಳಗೆ ನುಸುಳಿ ಬ್ಲಾಕಿನ ಹಿಂಭಾಗದಲ್ಲಿ ಅಚ್ಚಿನಲ್ಲೇ ಎರಕವಾಗಿ ಬಂದಿದ್ದ ಅಂಕಿಗಳನ್ನು ಬರೆದುಕೊಂಡ. ಗೇರುಪೆಟ್ಟಿಗೆಯ ನಂಬರ್ ಬರೆದುಕೊಂಡ. ಅವು ಯಾವುದಕ್ಕೂ ನಾನು ಕೈ ಹಚ್ಚಿರಲಿಲ್ಲ. ಎದ್ದು ಬಂದು ಕೈ ಒರೆಸಿಕೊಳ್ಳುತ್ತಾ ಮಾತಾಡಿದ, ಹಮೀದ್ ಕನ್ನಡಕ್ಕೆ ಇಳಿಸಿದರು.

"ಅವರ ಊರಲ್ಲಿ ಈಗ ಇಂಥ ಗಾಡಿಗೆ ರೇಟು ಏರಿದ ಹಾಗೆ ಸುಳ್ಳು ನಂಬರ್ ಹೊಡೆಯುವವರೂ ಏರಿದ್ದಾರಂತೆ. ಹೊಡೆಯದೆ ಬಿಟ್ಟವನನ್ನು ಇದೇ ಮೊದಲು ನೋಡಿದ್ದಂತೆ. ಆದ್ರೂ ನಂಬರ್ ಇಲ್ಲದ್ದು ಇಲ್ಲದ್ದೇ. ಮೊದಲು ಹೇಳಿದ್ದರಲ್ಲಿ ಮೂರನೇ ಒಂದು ಪಾಲು ಕಡಿಮೆ ಕೊಡ್ತಾನಂತೆ. ಅದೂ ನೀವು ಒಂದು ಕಾಗದ ಬರೆದುಕೊಟ್ರೆ."

"ಎಂಥ ಕಾಗದ?"

"ನಡೆದದ್ದು. ನಿಮ್ಮ ಕೈಯಲ್ಲಿ, ನಿಮ್ಮ ಭಾಷೆಯಲ್ಲಿ. ಕೆಳಗೆ ನಿಮ್ಮ ಪಂಚು. ಗಾಡಿ ಒಟ್ಟಿಗೆ ಆ ಕಾಗದವೂ ಅಮೆರಿಕಕ್ಕೆ ಹೋಗ್ತದೆ."

ಅಬು ಸಾಲೆಂ ಜಪಮಣಿಯನ್ನು ಮುಷ್ಟಿಯಲ್ಲಿ ಮುಚ್ಚಿ, ಆಯಿತು ಎಂದು ತಲೆಯಾಡಿಸಿದರು.

ಕಾಗದ

ಎಂಜಿನ್ ಕಟ್ಟಲು ಹನ್ನೆರಡು ದಿನ ಹಿಡಿದಿತ್ತು. ಆ ಒಂದು ಪುಟಕ್ಕೆ ಒಂದಿಡೀ ಹಗಲು. ಮೂರ್ತಿಯವರ ಊಟದ ಮೇಜಿನ ಮೇಲೆ ಕೂತು ಬರೆದೆ. ನಾನು ಬರೆದದ್ದರ ಕೆಳಗೆ ಅವರು ಇಂಗ್ಲಿಷಿನಲ್ಲಿ ಬರೆಯಬೇಕೆಂದು ಮಾತಾಗಿತ್ತು. ಹಮೀದ್ ಎದುರಿಗೆ ಕೂತು ಓದಿದರು.

"ಇದರಲ್ಲಿ ತಪ್ಪಾಯ್ತು ಅಂತ ಎಲ್ಲೂ ಇಲ್ವಲ್ಲ."

"ಹೆರೆದದ್ದು ತಪ್ಪಲ್ಲ ಹಮೀದಣ್ಣ. ಹೆರೀದಿದ್ರೆ ನೀರು ನಿಲ್ತಿರ್ಲಿಲ್ಲ."

"ಕೇಳದೆ ಹೆರೆದದ್ದು?"

ಮೂರ್ತಿ ಪೆನ್ನು ಹಿಡಿದು ನಮ್ಮಿಬ್ಬರನ್ನು ಕಾಯುತ್ತಿದ್ದರು. ಬಶೀರ್ ನಂಬರಿನ ಮೇಲೆ ಬೆರಳಿಟ್ಟದ್ದು ನನ್ನ ಕಣ್ಣ ಮುಂದೆ ಬಂತು. ಪಂಚು ಕಬ್ಬಿಣಕ್ಕೆ ಇಳಿಯುವುದಕ್ಕಿಂತ ಕಷ್ಟಪಟ್ಟು ಕೊನೆಯ ಸಾಲು ಬರೆದೆ: "ಅಲ್ಲಿ ನಂಬರ್ ಇರುವುದನ್ನು ನಾನು ನೋಡಿದ್ದೆ. ಒಬ್ಬರು ಎಚ್ಚರಿಸಿದ್ದರು. ನಾನು ಯಾರನ್ನೂ ಕೇಳಲಿಲ್ಲ." ಅದರ ಕೆಳಗೆ ಪಂಚಿನ ಎರಡಕ್ಷರದ ಬದಲು ಪೂರ್ತಿ ಹೆಸರು.

ಕಾರನ್ನು ಹಡಗಿಗೆ ಏರಿಸುವ ದಿನ ಅಬು ಸಾಲೆಂ ನನಗೆ ಒಂದು ಪೊಟ್ಟಣ ಖರ್ಜೂರ ಕೊಟ್ಟು, "ಶುಕ್ರನ್, ಪುಟ್ಟ" ಎಂದರು. ಅಂದಿನಿಂದ ಮುಹಂದಿಸ್ ಎನ್ನದೆ ಹೆಸರು ಹಿಡಿದೇ ಕರೆದರು. ಅದು ಮೇಲಕ್ಕೆ ಏರಿದ್ದೋ ಕೆಳಕ್ಕೆ ಇಳಿದದ್ದೋ, ಹಮೀದರನ್ನು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ.

ಗೋಡೆ

ಬಂದ ಹಣ ಪೂರ್ತಿ ಸಾಲಲಿಲ್ಲ. ಅಬು ಸಾಲೆಂ ಶೆಡ್ಡಿನ ಅರ್ಧವನ್ನು ಪಕ್ಕದ ಗೋದಾಮಿನವರಿಗೆ ಮಾರಿದರು. ಹಮೀದರ ಇಕಾಮಾ ಉಳಿಯಿತು, ಗ್ಯಾರೇಜು ಉಳಿಯಿತು. ಒಂಬತ್ತು ಜನರಲ್ಲಿ ಐವರು ಉಳಿದರು. ನಾಲ್ವರು ಹೋಗುವ ದಿನ ಬಂದು ನನ್ನ ಕೈ ಹಿಡಿದು ಮಾತಾಡಿಸಿ ಹೋದರು. ಅವರಿಗೆ ನಡೆದದ್ದೆಲ್ಲ ಗೊತ್ತಿತ್ತು. ಒಬ್ಬನಾದರೂ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ನಾನು ಹೊರಡುವ ಹಿಂದಿನ ದಿನ ಬೆಳಿಗ್ಗೆ ಶೆಡ್ಡಿನ ನಡುವೆ ಗೋಡೆ ಕಟ್ಟುವ ಕೆಲಸ ಶುರುವಾಯಿತು. ಸಿಮೆಂಟ್ ಇಟ್ಟಿಗೆಗಳ ರಾಶಿ ಬಂದು ಬಿದ್ದಿತ್ತು. ಕಾರು ಎತ್ತುವ ಯಂತ್ರವನ್ನು ನಾನೂ ಉಳಿದ ಐವರೂ ಸೇರಿ ಈಚೆ ಕಡೆಗೆ ತಳ್ಳಿದೆವು. ಮೇಸನ್ ಒಬ್ಬನೇ ಇದ್ದ. ದಾರದ ಒಂದು ತುದಿಯನ್ನು ಆ ಕಡೆಯ ಮೊಳೆಗೆ ಕಟ್ಟಿ, ಇನ್ನೊಂದು ತುದಿ ಹಿಡಿಯಲು ಜನ ಹುಡುಕುತ್ತಿದ್ದ.

ಹಮೀದ್ ಅದನ್ನು ತೆಗೆದುಕೊಂಡು ಬಂದು ನನ್ನ ಕೈಗೆ ಕೊಟ್ಟರು.

"ನೀವೇ ಹಿಡೀರಿ ಮಾರಾಯ್ರೆ" ಎಂದರು. "ಬೇರೆಯವರು ಹಿಡಿದ್ರೆ ಒಂದು ಕೂದಲೆಳೆ ಆಚೆ ಈಚೆ ಆದೀತು. ಇರುದೇ ಇಷ್ಟು ಜಾಗ."

ನಗುತ್ತಿದ್ದಾರೋ ಇಲ್ಲವೋ ಎಂದು ಅವರ ಮುಖ ನೋಡಿದೆ. ತಿಳಿಯಲಿಲ್ಲ. ನೆಲದ ಗುರುತಿನ ಮೇಲೆ ಮಂಡಿಯೂರಿ, ದಾರವನ್ನು ಬಿಗಿಯಾಗಿ ಎಳೆದು ಹಿಡಿದೆ. ಮೇಸನ್ ಮೊದಲ ಇಟ್ಟಿಗೆ ಇಟ್ಟ.